ಆದಿತ್ಯವಾರದ ಕೂಟ

ಉಡುಪಿಯಿಂದ ಬಡಗುಮುಖವಾಗಿ ಹೆದ್ದಾರಿಯಲ್ಲಿ ಸಾಗಿದರೆ, ಸ್ವರ್ಣಾ ನದಿಯನ್ನು ದಾಟುವುದಕ್ಕೆ ಮುನ್ನ ಸಂತೆಕಟ್ಟೆಯೆಂಬ ಊರು ದೊರೆಯುವುದು. ಊರುಗಳ ಹೆಸರುಗಳಲ್ಲಿ ಕೆಲವು ಅರಸರನ್ನೂ ಕೆಲವು ದೇವತೆಗಳನ್ನೂ ಕೆಲವು ಮರಗಿಡಗಳನ್ನೂ ನೆನಪಿಗೆ ತರುತ್ತವೆ. ಈ ಊರಿನ ಹೆಸರಾದರೋ ಜನರು ಒಂದೆಡೆ ಕೂಡುವ ಕಾರ್ಯವನ್ನೇ ಹೇಳುತ್ತದೆ. ಸಂತೆಯೆಂಬುದು ಗೊತ್ತಾದ ದಿನ, ಗೊತ್ತಾದ ಕಟ್ಟೆಯಲ್ಲಿ, ಮಾರುವವರೂ ಕೊಳ್ಳುವವರೂ ನೆರೆಯುವುದರಿಂದಲೇ ಆಗತಕ್ಕದ್ದು. ಪ್ರತಿಯೊಬ್ಬನೂ ತನಗೆ ಮನಸ್ಸಾದ ದಿನ ಬುಟ್ಟಿಯನ್ನು ಹೊತ್ತು ಬರುವುದಾದರೆ, ವರ್ಷವೊಂದರಲ್ಲಿ ಅಷ್ಟೇ ಜನರು ಬಂದುಹೋದರೂ ಸಂತೆಯು ಒಂದು ದಿನವೂ ಆಗಲಾರದು. ಬಂದವನು ಬರಿಯ ಕಟ್ಟೆಯನ್ನು ನೋಡಿ ಹಿಂದಿರುಗುವನು. ಬರುವವರ ಸಂಖ್ಯೆಯಷ್ಟೇ ಅವರ ನಿಯಮವೂ ಸಂತೆಗೆ ಬೇಕಾದುದು.

ಈ ಊರಿನಲ್ಲಿಯೂ ಇದಕ್ಕೆ ಅಂಟಿಕೊಂಡಿರುವ ಕಲ್ಯಾಣಪುರದಲ್ಲಿಯೂ ಕ್ರೈಸ್ತರು ಬಹುಕಾಲದಿಂದ ನೆಲೆಸಿರುವರು. ಸಂತೆಕಟ್ಟೆಯಲ್ಲಿ ಮೌಂಟ್ ರೋಸರಿ ಇಗರ್ಜಿಯುಂಟು. ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಇಗರ್ಜಿಯುಂಟು. ಇದರ ಆರಂಭವು 1678ನೆಯ ಇಸವಿಯದೆಂದು ಪರಂಪರೆಯಿಂದ ಹೇಳಿಕೊಂಡು ಬಂದಿದೆ. 2012ನೆಯ ಇಸವಿಯಲ್ಲಿ ಮಂಗಳೂರಿನ ಧರ್ಮಪ್ರಾಂತವನ್ನು ವಿಭಾಗಿಸಿ ಉಡುಪಿಯ ಧರ್ಮಪ್ರಾಂತವನ್ನು ಸ್ಥಾಪಿಸಿದಾಗ ಈ ಇಗರ್ಜಿಯೇ ಅದರ ಪ್ರಧಾನಾಲಯವಾಯಿತು. ಆರನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ಗ್ರೀಕ್ ಗ್ರಂಥಕಾರನು, ಪಾರಸಿಕ ದೇಶದಿಂದ ನೇಮಕವಾಗಿ ಬರುವ ಬಿಷಪನೊಬ್ಬನು ‘ಕಲ್ಲಿಯಾನಾ’ ಎಂಬ ಊರಿನಲ್ಲಿರುವನೆಂದು ಬರೆದಿರುವನಷ್ಟೆ. ಅದು ಈ ಕಲ್ಯಾಣಪುರವೇ ಎಂದು ಕೆಲವು ವಿದ್ವಾಂಸರೂ, ಮುಂಬಯಿಯ ಬಳಿಯ ಕಲ್ಯಾಣವೆಂದು ಬೇರೆಯವರೂ ವಾದಿಸುವರು. ಆ ವಾದವು ಹೇಗೇ ಇರಲಿ, ಆದಿತ್ಯವಾರದ ಬೆಳಗ್ಗೆ ಇಲ್ಲಿ ಗಂಟೆಯು ಬಾರಿಸಿದಾಗ ಮನೆಮನೆಗಳಿಂದ ಜನರು ಹೊರಡುವ ರೂಢಿಯು ತಲೆಮಾರುಗಳಿಂದ ನಡೆದು ಬಂದಿದೆಯೆಂಬುದಕ್ಕೆ ವಾದ ಬೇಕಾಗಿಲ್ಲ.

ಆದರೆ ಈಗ ಆ ರೂಢಿಯ ವಿಷಯದಲ್ಲಿಯೇ ಒಂದು ಪ್ರಶ್ನೆಯು ಎದ್ದಿರುವುದು. ಪ್ರಶ್ನೆಯನ್ನು ಎತ್ತುವವರು ನಾಸ್ತಿಕರಲ್ಲ, ವಿಶ್ವಾಸಿಗಳ ಮನೆಯ ಮಕ್ಕಳೇ. ದೇವರು ಸರ್ವವ್ಯಾಪಿಯಲ್ಲವೆ? ಮನೆಯ ದೇವರಪಟದ ಮುಂದೆ ಮೊಣಕಾಲೂರಿದರೆ ಆತನು ಕೇಳನೆ? ಉಪದೇಶವು ಬೇಕೆಂದರೆ ಅಂಗೈಯೊಳಗಿನ ಫೋನಿನಲ್ಲಿಯೇ ದೊಡ್ಡ ದೊಡ್ಡ ಬೋಧಕರ ಮಾತುಗಳು ದೊರೆಯುತ್ತಿರಲು, ಮಳೆಯಲ್ಲಿ ನೆನೆಯುತ್ತ ಹೋಗಿ, ಕೇಳಿದುದನ್ನೇ ಕೇಳಿ ಬರುವುದರಿಂದ ಲಾಭವೇನು? ವರ್ಷಕ್ಕೆ ಎರಡು ಮೂರು ಹಬ್ಬಗಳಲ್ಲಿ ಹೋಗಿ ಬಂದರೆ ಸಾಲದೆ? ಹೀಗೆ ಕೇಳುವವರನ್ನು ಗದರಿಸಿ ಸುಮ್ಮನಿರಿಸುವುದು ಸುಲಭ. ಆದರೆ ಗದರಿಕೆಯು ಉತ್ತರವಲ್ಲ. ಪ್ರಶ್ನೆಯು ನ್ಯಾಯವಾದುದಾದುದರಿಂದ ಉತ್ತರವನ್ನೂ ನ್ಯಾಯವಾಗಿಯೇ ಹುಡುಕತಕ್ಕದ್ದು.

ಮೊದಲು ಪೂರ್ವಕಾಲದ ನಡವಳಿಕೆಯನ್ನು ನೋಡಬೇಕು. ಕ್ರೈಸ್ತರು ವಾರಕ್ಕೊಮ್ಮೆ ಕೂಡುವ ಪದ್ಧತಿಯು ಇಗರ್ಜಿಗಳನ್ನು ಕಟ್ಟಿದ ಮೇಲೆ ಹುಟ್ಟಿದುದಲ್ಲ. ಕೂಡುವ ಪದ್ಧತಿಯೇ ಮೊದಲಿನದು, ಕಟ್ಟಡಗಳು ಆಮೇಲಿನವು. ಕ್ರಿ. ಶ. 112ರ ಸುಮಾರಿಗೆ ಬಿಥೂನ್ಯ ಪ್ರಾಂತದ ಅಧಿಕಾರಿಯಾಗಿದ್ದ ಪ್ಲಿನಿಯು ರೋಮಿನ ಚಕ್ರವರ್ತಿ ತ್ರಾಜಾನನಿಗೆ ಬರೆದ ಪತ್ರದಲ್ಲಿ, ಈ ಜನರು ಗೊತ್ತಾದ ದಿನದಂದು ಬೆಳಗಾಗುವುದಕ್ಕೆ ಮುಂಚೆ ಕೂಡಿ ಕ್ರಿಸ್ತನನ್ನು ಕೀರ್ತಿಸುವರೆಂದು ತಿಳಿಸಿರುವನು. ಬೆಳಗಾಗುವುದಕ್ಕೆ ಮುಂಚೆ ಏಕೆ? ಅವರಲ್ಲಿ ಅನೇಕರು ದಾಸರೂ ಕೂಲಿಯವರೂ ಆಗಿದ್ದರು, ಆ ದಿನವು ಎಲ್ಲ ದಿನಗಳಂತೆ ದುಡಿಮೆಯ ದಿನವಾಗಿತ್ತು. ಚಕ್ರವರ್ತಿಯಾದ ಕಾನ್‌ಸ್ಟಂಟೈನನು 321ನೆಯ ಇಸವಿಯಲ್ಲಿ ಆದಿತ್ಯವಾರವನ್ನು ವಿರಾಮದ ದಿನವೆಂದು ವಿಧಿಸುವವರೆಗೆ ಸುಮಾರು ಮುನ್ನೂರು ವರ್ಷಗಳ ಕಾಲ ಕ್ರೈಸ್ತರು ರಜೆಯಿಲ್ಲದ ಆದಿತ್ಯವಾರವನ್ನೇ ಆಚರಿಸಿದರು. ಹೊತ್ತು ಸಾಲದು ಎಂಬವರು ಇದನ್ನು ನೆನೆಯುವುದು ಒಳ್ಳೆಯದು.

155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ತತ್ತ್ವಜ್ಞನು ಆ ಕೂಟದ ಕ್ರಮವನ್ನು ವಿವರವಾಗಿ ಬರೆದಿಟ್ಟಿರುವನು. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುವರು. ಶಾಸ್ತ್ರಪಾಠವೂ ಉಪದೇಶವೂ ಆಗುವುವು. ಎಲ್ಲರೂ ಎದ್ದುನಿಂತು ಪ್ರಾರ್ಥಿಸುವರು. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ತೋತ್ರಪೂರ್ವಕವಾಗಿ ಹಂಚಿಕೊಳ್ಳುವರು. ಬರಲಾರದವರಿಗೆ ಸೇವಕರ ಕೈಯಲ್ಲಿ ಅದನ್ನು ಕಳುಹಿಸಿಕೊಡುವರು. ಉಳ್ಳವರು ಇಷ್ಟವಿದ್ದಷ್ಟನ್ನು ಕೊಡುವರು, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು ಇವರಿಗೆ ನೆರವಾಗುವುದು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಬಾರದವನ ಪಾಲನ್ನು ತೆಗೆದಿರಿಸಬೇಕಾದರೆ ಅವನು ಬರಲಿಲ್ಲವೆಂಬುದು ಗೊತ್ತಾಗಬೇಕು. ಅದು ಗೊತ್ತಾಗಬೇಕಾದರೆ ಮಿಕ್ಕ ದಿನಗಳಲ್ಲಿ ಅವನು ಬರುತ್ತಿದ್ದಿರಬೇಕು. ದೇವಸ್ತುತಿಗೂ ಅನಾಥರಕ್ಷಣೆಗೂ ಬೇರೆ ಬೇರೆ ದಿನಗಳಿರಲಿಲ್ಲ, ಎರಡೂ ಒಂದೇ ಕೂಟದ ಎರಡು ಕೈಗಳಾಗಿದ್ದವು.

ಈ ಕೂಟಕ್ಕಾಗಿ ಪ್ರಾಣವನ್ನು ಕೊಟ್ಟವರೂ ಉಂಟು. 304ನೆಯ ಇಸವಿಯಲ್ಲಿ, ಡಯೊಕ್ಲೇಶಿಯನ್ ಚಕ್ರವರ್ತಿಯು ಕ್ರೈಸ್ತರ ಸಭೆಗಳನ್ನು ನಿಷೇಧಿಸಿದ್ದ ಕಾಲದಲ್ಲಿ, ಉತ್ತರ ಆಫ್ರಿಕೆಯ ಅಬಿತೀನೆ ಎಂಬ ಊರಿನ 49 ಮಂದಿಯನ್ನು ಆದಿತ್ಯವಾರದ ಆರಾಧನೆಗೆ ಕೂಡಿದರೆಂಬ ಅಪರಾಧಕ್ಕಾಗಿ ಹಿಡಿದು ಕಾರ್ಥೇಜಿಗೆ ಒಯ್ದು ವಿಚಾರಿಸಿದರು. ಮನಸ್ಸಿನೊಳಗೆ ಕ್ರಿಸ್ತನನ್ನು ನಂಬಬಾರದೆಂದು ಯಾವ ರಾಜಾಜ್ಞೆಯೂ ತಡೆಯಲಾರದು. ಮನೆಯೊಳಗೆ ಮೌನವಾಗಿ ಪ್ರಾರ್ಥಿಸುವವನನ್ನು ಯಾವ ಭಟನೂ ಹಿಡಿಯಲಾರನು. ಅವರು ಹಾಗೆ ಮಾಡಿ ಜೀವವನ್ನು ಉಳಿಸಿಕೊಳ್ಳಬಹುದಾಗಿತ್ತು. ಆದರೆ ಆ ಕೂಟವಿಲ್ಲದೆ ತಮ್ಮ ಬಾಳು ನಡೆಯದೆಂದು ಅವರು ನ್ಯಾಯಾಧಿಪತಿಗೆ ಉತ್ತರಕೊಟ್ಟರಂತೆ. ಅವರ ದೃಷ್ಟಿಯಲ್ಲಿ ವಿಶ್ವಾಸವೇ ಕೂಟದ ರೂಪದಲ್ಲಿದ್ದಿತು.

ಇಷ್ಟು ದೂರದ ಮಾತೇಕೆಂದು ಕೇಳುವವರಿಗೆ ತುಳುನಾಡಿನ ಚರಿತ್ರೆಯೇ ಉತ್ತರಕೊಡುವುದು. 1784ನೆಯ ಇಸವಿಯ ತಪಸ್ಸುಕಾಲದ ಆರಂಭದಲ್ಲಿ, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ, ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕೊಂಕಣಿ ಕ್ರೈಸ್ತರನ್ನು ಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಹೋದವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರ ಲೆಕ್ಕಗಳು ಬೇರೆ ಬೇರೆಯಾಗಿವೆ. ಹತ್ತಾರು ಸಾವಿರವೆಂಬುದರಲ್ಲಿ ಸಂದೇಹವಿಲ್ಲ. ಪಾದ್ರಿಗಳನ್ನು ಗಡೀಪಾರು ಮಾಡಿದರು. ಇಗರ್ಜಿಗಳಲ್ಲಿ ಬಹುತೇಕವೆಲ್ಲವೂ ನೆಲಸಮವಾದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದವರು ಅಸಂಖ್ಯ. 1799ನೆಯ ಇಸವಿಯ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಹದಿನೈದು ವರ್ಷಗಳ ತರುವಾಯ, ಉಳಿದವರು ಬಿಡುಗಡೆಯಾದರು. ಕೆಲವರು ಮೈಸೂರು ಸೀಮೆಯಲ್ಲಿಯೇ ನಿಂತರು. ಅವರನ್ನು ಒಟ್ಟುಗೂಡಿಸುವುದಕ್ಕೆ ಫ್ರೆಂಚ್ ಪಾದ್ರಿಯಾದ ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದನು. ಅನೇಕರು ಘಟ್ಟವನ್ನಿಳಿದು ತಮ್ಮ ಊರುಗಳಿಗೆ ಹಿಂದಿರುಗಿದರು.

ಹದಿನೈದು ವರ್ಷಗಳೆಂದರೆ ಒಂದು ತಲೆಮಾರಿನಷ್ಟು. ಹೋಗುವಾಗ ಮೊಲೆವಾಲಿನ ಕೂಸಾಗಿದ್ದವನು ಬರುವಾಗ ಮೀಸೆ ಮೂಡಿದ ಯುವಕನು. ಅವನು ತನ್ನ ಊರಿನ ಇಗರ್ಜಿಯನ್ನು ಕಂಡವನಲ್ಲ, ಅದರ ಗಂಟೆಯನ್ನು ಕೇಳಿದವನಲ್ಲ. ಹೀಗಿದ್ದೂ ಹಿಂದಿರುಗಿದ ಜನರು ಗದ್ದೆಗಳನ್ನು ಮರಳಿ ಉತ್ತ ಕಾಲದಲ್ಲಿಯೇ ಇಗರ್ಜಿಗಳನ್ನೂ ಮರಳಿ ಕಟ್ಟಿದರು. ಇದು ಹೇಗೆ ಸಾಧ್ಯವಾಯಿತು? ದೊಡ್ಡವರ ಮೈಯಲ್ಲಿ ವಾರದ ಅಭ್ಯಾಸವು ಬೇರೂರಿದ್ದಿತು. ಅದಿಲ್ಲದಿದ್ದರೆ, ಗುರುವೂ ಗುಡಿಯೂ ಇಲ್ಲದ ಕಾಲದಲ್ಲಿ ಮಕ್ಕಳಿಗೆ ಜಪವನ್ನು ಕಲಿಸತಕ್ಕವರು ಯಾರು? ಕಿತ್ತ ಗಿಡವು ಇನ್ನೊಂದೆಡೆ ಚಿಗುರಬೇಕಾದರೆ ಬೇರಿನಲ್ಲಿ ಹಿಂದಿನ ಮಳೆಯ ನೀರು ಇರಬೇಕು. ಸುಖಕಾಲದಲ್ಲಿ ಇಗರ್ಜಿಗೆ ಹೋದುದು ಸುಖಕ್ಕೆ ಬೇಕಾಗಿದ್ದುದಲ್ಲ, ಮುಂದೆ ಬರಲಿದ್ದ ಹದಿನೈದು ವರ್ಷಗಳಿಗೆ ಬೇಕಾಗಿದ್ದುದೆಂದು ಆಗ ಯಾರೂ ಅರಿತಿರಲಿಲ್ಲ. ‘ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ’ ಎಂಬ ಗಾದೆಯು ಇಲ್ಲಿಗೂ ಸಲ್ಲುವುದು. ಆಪತ್ತು ಬಂದ ದಿನವೇ ದೇವರ ಹೆಸರನ್ನು ಕಲಿಯತೊಡಗುವವನಿಗೆ ನಾಲಗೆಯು ಹೊರಳುವುದಿಲ್ಲ.

ಸಂತೆಕಟ್ಟೆಯ ನೆರೆಹೊರೆಯಲ್ಲಿಯೇ ಇನ್ನೆರಡು ಸಾಕ್ಷ್ಯಗಳುಂಟು. ಸ್ವರ್ಣೆಯನ್ನು ದಾಟಿದರೆ ಬ್ರಹ್ಮಾವರವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಪೋರ್ತುಗೀಜರ ಪಾದ್ರುವಾದೋ ಅಧಿಕಾರಕ್ಕೂ ರೋಮಿನ ನೇರವಾದ ಆಡಳಿತಕ್ಕೂ ನಡೆದ ವಿವಾದದ ಫಲವಾಗಿ, ಅಲ್ಲಿಯ ಕೆಲವು ಕುಟುಂಬಗಳು ಗೋವೆಯ ಆಲ್ವಾರಿಸರ ಮುಂದಾಳುತನದಲ್ಲಿ ಸಿರಿಯನ್ ಆರ್ಥಡಾಕ್ಸ್ ಸಭೆಯನ್ನು ಸೇರಿದವು. 1936ನೆಯ ಇಸವಿಯಲ್ಲಿ ತೀರಿಹೋಗುವವರೆಗೆ ಅವರ ಗುರುವಾಗಿದ್ದ ರೋಕ್ ಜೆಫ್ರಿನ್ ನೊರೊನ್ಹಾರವರ ಸಮಾಧಿಯು ಇಂದಿಗೂ ಅಲ್ಲಿ ಗೌರವಿಸಲ್ಪಡುತ್ತಿದೆ. ಆ ವಿವಾದದಲ್ಲಿ ಯಾರ ಪಕ್ಷವು ನ್ಯಾಯವೆಂಬುದು ಇಲ್ಲಿಯ ವಿಷಯವಲ್ಲ. ಆದಿತ್ಯವಾರ ಯಾವ ಗುರುವಿನ ಕೈಯಿಂದ, ಯಾರ ಜೊತೆಯಲ್ಲಿ ಪ್ರಸಾದವನ್ನು ಸ್ವೀಕರಿಸಬೇಕೆಂಬ ಪ್ರಶ್ನೆಗಾಗಿ ಜನರು ನೆಂಟಸ್ತನಗಳನ್ನೂ ಪಣಕ್ಕಿಟ್ಟರೆಂಬುದಷ್ಟೆ ಗಮನಿಸತಕ್ಕದ್ದು.

ಪಡುವಣಕ್ಕೆ ಮಲ್ಪೆಯುಂಟು. 1834ನೆಯ ಇಸವಿಯಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರು 1886ರಲ್ಲಿ ಮಲ್ಪೆಯಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮತಾಂತರವನ್ನು ಹೊಂದಿದವರಲ್ಲಿ ಹಲವರು ಹುಟ್ಟಿದ ಮನೆಯನ್ನೂ ಬಂಧುವರ್ಗವನ್ನೂ ಕಳೆದುಕೊಂಡವರು. ಅವರ ಹೊಟ್ಟೆಗೆ ಕೆಲಸ ಬೇಕಾಗಿದ್ದಿತು, ಅದಕ್ಕೆಂದೇ ಇಂತಹ ಕಾರ್ಖಾನೆಗಳು ಹುಟ್ಟಿದವು. ಆದರೆ ಕೆಲಸವು ಹೊಟ್ಟೆಯನ್ನು ಮಾತ್ರ ತುಂಬಬಲ್ಲದು. ಮದುವೆಯಲ್ಲಿ ಮುಂದೆ ನಿಲ್ಲುವವರು ಯಾರು, ಹೆಣಕ್ಕೆ ಹೆಗಲು ಕೊಡುವವರು ಯಾರು, ಹೆತ್ತ ಮನೆಗೆ ಗಂಜಿ ಕಾಯಿಸಿ ಕೊಡುವವರು ಯಾರು? ವಾರವಾರವೂ ಒಂದೇ ಸೂರಿನ ಕೆಳಗೆ ಕನ್ನಡದ ಗೀತಗಳನ್ನು ಹಾಡಿದ ಆ ಚಿಕ್ಕ ಸಭೆಯೇ ಅವರಿಗೆ ತಾಯ್ಮನೆಯಾಯಿತು, ಕುಲವಾಯಿತು, ಊರಾಯಿತು. ಇಂದು ದಕ್ಷಿಣ ಭಾರತ ಸಭೆಯಲ್ಲಿರುವ ಅವರ ಸಂತತಿಯವರು ಇದನ್ನು ಮರೆತಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ, ಸಭೆಯಾಗಿ ಕೂಡುವುದನ್ನು ಕೈಬಿಡಬಾರದೆಂಬ ಬುದ್ಧಿವಾದವು ಒಬ್ಬರನ್ನೊಬ್ಬರು ಧೈರ್ಯಪಡಿಸಬೇಕೆಂಬ ಮಾತಿನ ಜೊತೆಯಲ್ಲಿಯೇ ಬಂದಿರುವುದಕ್ಕೆ ಕಾರಣವು ಇದೇ.

ಚರಿತ್ರೆಯು ಹಾಗಿರಲಿ. ಇಂದಿನ ಬಾಳುವೆಯಲ್ಲಿ ಈ ನಿಯಮದಿಂದ ಆಗುವ ಪ್ರಯೋಜನವೇನೆಂಬುದನ್ನು ಈಗ ನೋಡಬಹುದು. ಕಲ್ಯಾಣಪುರ, ಸಂತೆಕಟ್ಟೆಗಳ ಯಾವ ವಾಡೆಯಲ್ಲಿಯಾದರೂ ಇಂತಹ ಒಬ್ಬ ಮುದುಕಿಯನ್ನು ವಾಚಕರು ಭಾವಿಸಿಕೊಳ್ಳಲಿ. ಗಂಡನು ಗತಿಸಿರುವನು. ಒಬ್ಬ ಮಗನು ಮುಂಬಯಿಯಲ್ಲಿ, ಇನ್ನೊಬ್ಬನು ಗಲ್ಫ್ ದೇಶದಲ್ಲಿ, ಮಗಳು ಅವಳ ಗಂಡನ ಮನೆಯಲ್ಲಿ. ದೊಡ್ಡ ಮನೆ, ಒಬ್ಬಳೇ ಜೀವ. ಹಣಕ್ಕೆ ಕೊರತೆಯಿಲ್ಲ, ಫೋನಿನಲ್ಲಿ ದಿನವೂ ಮೊಮ್ಮಕ್ಕಳ ಮುಖವು ಕಾಣುವುದು. ಆಕೆಯು ಆದಿತ್ಯವಾರದ ಮೊದಲನೆಯ ಪೂಜೆಗೆ ತಪ್ಪದೆ ಹೋಗಿ ಎಡಗಡೆಯ ಮೂರನೆಯ ಬೆಂಚಿನಲ್ಲಿ ಕುಳಿತುಕೊಳ್ಳುವಳು. ಒಂದು ವಾರ ಆ ಸ್ಥಳವು ಬರಿದಾಗಿರುವುದು. ಪೂಜೆಯು ಮುಗಿದು ಹೊರಗೆ ಬಂದಾಗ, “ಬಾಯಮ್ಮ ಇವತ್ತು ಕಾಣಲಿಲ್ಲವಲ್ಲ!” ಎಂದು ಒಬ್ಬಳು ಮತ್ತೊಬ್ಬಳಿಗೆ ಹೇಳುವಳು. ವಾಡೆಯ ಗುರಿಕಾರನ ಕಿವಿಗೆ ಅದು ಬೀಳುವುದು. ಮಧ್ಯಾಹ್ನದೊಳಗೆ ಯಾರೋ ಒಬ್ಬರು ಆ ಮನೆಯ ಬಾಗಿಲನ್ನು ತಟ್ಟುವರು. ಜ್ವರವಿದ್ದರೆ ಮದ್ದು ಬರುವುದು, ಬಿದ್ದಿದ್ದರೆ ಎಬ್ಬಿಸುವ ಕೈ ಬರುವುದು.

ದೂರದೇಶದಿಂದ ಹಣವನ್ನು ಕಳುಹಿಸಬಹುದು, ಬಾಗಿಲನ್ನು ತಟ್ಟಲಾಗದು. ಆಕೆಯು ಯಾವಾಗಲೋ ಒಮ್ಮೆ ಬರುವವಳಾಗಿದ್ದರೆ ಆಕೆಯು ಬಾರದುದು ಯಾರಿಗೂ ಸುದ್ದಿಯಾಗುತ್ತಿರಲಿಲ್ಲ. ದಿನವೂ ಇರುವ ದೀಪವು ಆರಿದಾಗ ಮಾತ್ರ ಕತ್ತಲೆಯು ತಿಳಿಯುವುದು. ನಿಯಮದಿಂದ ಬರುವವನ ಗೈರುಹಾಜರಿಗೆ ಒಂದು ದನಿಯಿದೆ. ಇದು ಮುದುಕರಿಗಷ್ಟೇ ಸಲ್ಲುವ ಮಾತಲ್ಲ. ಕುಡಿತಕ್ಕೆ ಬೀಳುತ್ತಿರುವ ಗೃಹಸ್ಥನು, ಸಾಲದಲ್ಲಿ ಮುಳುಗುತ್ತಿರುವ ಅಂಗಡಿಯವನು, ಮನಸ್ಸು ಮುರಿದ ಹುಡುಗಿ, ಇವರೆಲ್ಲರೂ ಮೊದಲು ಮಾಡುವ ಕೆಲಸವು ಜನರ ನಡುವೆ ಬಾರದಿರುವುದೇ. ಅದನ್ನು ಒಂದೇ ವಾರದಲ್ಲಿ ಕಂಡುಕೊಳ್ಳಬಲ್ಲ ಸಮಾಜವು ಲೋಕದಲ್ಲಿ ವಿರಳವು.

ಎರಡನೆಯ ಪ್ರಯೋಜನವು ಇನ್ನೂ ಕಠಿನವಾದುದು. ಮನೆಯಲ್ಲಿ ಒಬ್ಬನೇ ಪ್ರಾರ್ಥಿಸುವವನು ದೇವರನ್ನು ಮಾತ್ರ ಎದುರಿಸಬೇಕು, ಇಗರ್ಜಿಗೆ ಬಂದವನು ನೆರೆಯವನನ್ನೂ ಎದುರಿಸಬೇಕಾಗುವುದು. ಗದ್ದೆಯ ಹುಣಿಯ ವಿಷಯದಲ್ಲಿ ಯಾರ ಮೇಲೆ ದಾವೆಯನ್ನು ಹೂಡಿರುವನೋ ಅವನೇ ಮುಂದಿನ ಬೆಂಚಿನಲ್ಲಿ ಕುಳಿತಿರುವನು. ಪೂಜೆಯ ನಡುವೆ ಒಬ್ಬರಿಗೊಬ್ಬರು ಸಮಾಧಾನವನ್ನು ಹಾರೈಸಿರೆಂದು ಗುರುವು ಹೇಳಿದಾಗ ಆ ಬೆನ್ನು ಮುಖವಾಗಿ ತಿರುಗುವುದು. ಆ ಗಳಿಗೆಯಲ್ಲಿ ಇಬ್ಬರು ಕೈಮುಗಿದರೂ ಮುಗಿಯದಿದ್ದರೂ, ವಾರಕ್ಕೊಮ್ಮೆ ಆ ಪ್ರಶ್ನೆಯು ಮುಂದೆ ಬಂದು ನಿಲ್ಲುವುದು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಒಂದಾಗಬೇಕೆಂದು ಯೇಸುಸ್ವಾಮಿಯು ಬೋಧಿಸಿರುವನು. ಪೀಠದ ಹತ್ತಿರಕ್ಕೇ ಹೋಗದವನಿಗೆ ಈ ಬೋಧೆಯು ಮುಳ್ಳಾಗಿ ಚುಚ್ಚುವ ಅವಕಾಶವೆಲ್ಲಿ? ತನಗೆ ಹಿತವಾದವರನ್ನೇ ಆಯ್ದುಕೊಂಡು ಕೂಡುವುದು ಗೆಳೆತನ. ತಾನು ಆಯ್ದುಕೊಳ್ಳದವರ ಜೊತೆಯಲ್ಲಿ ಕೂಡುವುದೇ ಸಭೆ. ಗೆಳೆತನದಿಂದ ಸುಖವುಂಟು, ಸಭೆಯಿಂದ ಸಂಸ್ಕಾರವುಂಟು.

ಮೂರನೆಯದು ಮಕ್ಕಳ ವಿಷಯ. ಮಕ್ಕಳು ಹೇಳಿದುದನ್ನು ಕೇಳುವುದಕ್ಕಿಂತ ಮಾಡಿದುದನ್ನು ನೋಡಿ ಕಲಿಯುವರು. ತಂದೆಯು ಯಾರ ಮುಂದೆಯೂ ತಲೆಬಾಗದವನಾಗಿದ್ದು, ವಾರಕ್ಕೊಮ್ಮೆ ಮೊಣಕಾಲೂರುವುದನ್ನು ಕಂಡ ಮಗುವಿನ ಮನಸ್ಸಿನಲ್ಲಿ ಉಂಟಾಗುವ ಭಾವವನ್ನು ಯಾವ ಪಾಠಪುಸ್ತಕವೂ ಉಂಟುಮಾಡಲಾರದು. ತಾವು ಮನೆಯಲ್ಲಿಯೇ ಉಳಿದು ಮಕ್ಕಳನ್ನು ಮಾತ್ರ ಜ್ಞಾನೋಪದೇಶಕ್ಕೆ ಅಟ್ಟುವ ತಂದೆತಾಯಿಗಳು, ದೊಡ್ಡವರಾದ ಮೇಲೆ ಇದನ್ನು ಬಿಡಬಹುದೆಂಬ ಉಪದೇಶವನ್ನೇ ಮಾಡುವವರಾಗಿರುವರು.

ಈ ನಿಯಮಕ್ಕೆ ಮುಖ್ಯವಾದ ಆಕ್ಷೇಪಣೆಗಳು ಮೂರು. ನಿಯಮದಿಂದ ಮಾಡಿದುದು ಯಾಂತ್ರಿಕವಾಗುವುದೆಂಬುದು ಮೊದಲನೆಯದು. ಮನಸ್ಸಿಲ್ಲದೆ ಹೋದರೆ ಫಲವೇನು ಎಂಬರು. ಏಣಿಲು ಬೆಳೆಯನ್ನು ಬೆಳೆಯುವ ಒಕ್ಕಲಿಗನು, ಮಳೆಯು ಹಿಡಿದ ದಿನ ನೇಜಿ ನೆಡುವುದಕ್ಕೆ ತನಗೆ ಉತ್ಸಾಹವಿದೆಯೆ ಇಲ್ಲವೆ ಎಂದು ನೋಡುತ್ತ ಕುಳ್ಳಿರುವುದಿಲ್ಲ. ಕಾಲವು ಬಂದಿದೆ, ನೆಡುವನು. ಉತ್ಸಾಹವು ಅನೇಕ ವೇಳೆ ಕೆಸರಿಗೆ ಇಳಿದ ಮೇಲೆಯೇ ಬರುವುದು. ಉಡುಪಿಯ ಕೃಷ್ಣಮಠದಲ್ಲಿ ಅಷ್ಟಮಠಗಳ ಯತಿಗಳು ಸರದಿಯ ಮೇಲೆ ಎರಡೆರಡು ವರ್ಷ ಪೂಜೆಯ ಭಾರವನ್ನು ಹೊರುವ ಪರ್ಯಾಯದ ಕ್ರಮವನ್ನು ಈ ಜಿಲ್ಲೆಯಲ್ಲಿ ಅರಿಯದವರಿಲ್ಲ. ನಸುಕಿನ ಆ ಪೂಜೆಯು ಯಾರ ಮನೋಧರ್ಮವನ್ನೂ ಕಾದು ನಿಂತುದಲ್ಲ. ಮುಸಲ್ಮಾನರ ಶುಕ್ರವಾರದ ನಮಾಜೂ ಹಾಗೆಯೇ. ಪ್ರೀತಿಯಿಂದ ನಿಯಮವು ಹುಟ್ಟುವುದು ನಿಜ, ನಿಯಮದಿಂದ ಪ್ರೀತಿಯು ಬಾಳುವುದೂ ನಿಜ. 1963ನೆಯ ಇಸವಿಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ದೇಶಭಾಷೆಗಳಿಗೆ ಅವಕಾಶವನ್ನು ಕೊಡುವವರೆಗೆ, ಈ ಊರುಗಳ ಕಥೋಲಿಕರು ಅರ್ಥವಾಗದ ಲ್ಯಾಟಿನಿನಲ್ಲಿ ನಡೆಯುವ ಪೂಜೆಗೆ ಓಲೆಕೊಡೆಗಳನ್ನು ಹಿಡಿದು ನಡೆದು ಹೋದರು. ಈಗ ಕೊಂಕಣಿಯಲ್ಲಿ ಪ್ರತಿಯೊಂದು ಮಾತೂ ತಿಳಿಯುತ್ತಿರುವಾಗ ಬೇಸರವಾಗುತ್ತದೆಯೆಂದರೆ, ಬೇಸರಕ್ಕೆ ಕಾರಣವು ಭಾಷೆಯಲ್ಲಿರಲಿಲ್ಲವೆಂದು ತಿಳಿಯಬೇಕು.

ಎರಡನೆಯ ಆಕ್ಷೇಪಣೆಯು ಇಗರ್ಜಿಗೆ ಹೋಗುವವರಲ್ಲಿ ಕಪಟಿಗಳಿರುವರೆಂಬುದು. ಇರುವರು. ಆಸ್ಪತ್ರೆಯಲ್ಲಿ ರೋಗಿಗಳಿರುವರೆಂದು ಆಸ್ಪತ್ರೆಗೆ ಹೋಗದಿರುವವರಿಲ್ಲ. ಆದರೆ ಈ ಉತ್ತರದಿಂದಲೇ ತೃಪ್ತಿಪಡುವುದು ಸರಿಯಲ್ಲ. ಕೊಂಕಣಿ ಕ್ರೈಸ್ತರಲ್ಲಿ ಮತಾಂತರದ ಹಿಂದಿನ ಜಾತಿಯ ಭೇದಗಳು ಶತಮಾನಗಳ ಕಾಲ ಉಳಿದುಬಂದವು. ಸಂಬಂಧವನ್ನು ಬೆಳೆಸುವಾಗ ಅವುಗಳ ನೆನಪು ಇಂದಿಗೂ ಕೆಲವೆಡೆ ತಲೆಯೆತ್ತುವುದುಂಟು. ಒಂದೇ ಪಾತ್ರೆಯ ಪ್ರಸಾದವನ್ನು ಸ್ವೀಕರಿಸಿ ಹೊರಗೆ ಬಂದ ಮೇಲೆ ಬೇರೆ ಬೇರೆ ಪಂಕ್ತಿಗಳಾದರೆ, ಒಳಗೆ ನಡೆದುದಕ್ಕೆ ಹೊರಗಿನವನು ಬೆಲೆಯನ್ನು ಕೊಡುವುದೆಂತು? ಹರಕು ಅಂಗಿಯವನಿಗೆ ಹಿಂದಿನ ಬೆಂಚು, ಹೊಸದಾಗಿ ಬಂದವನಿಗೆ ಮೌನ, ತಪ್ಪಿಬಿದ್ದು ಹಿಂದಿರುಗಿದವಳಿಗೆ ಪಿಸುಮಾತು ದೊರೆಯುವುದಾದರೆ, ಬಾರದವರ ಪಾಪದಲ್ಲಿ ಬಂದವರಿಗೂ ಪಾಲುಂಟು. ಬರಬೇಕೆಂದು ಹೇಳುವ ಅಧಿಕಾರವಿರುವವರಿಗೆ, ಬಂದವನು ಮತ್ತೊಮ್ಮೆ ಬರುವಂತೆ ನಡೆದುಕೊಳ್ಳುವ ಭಾರವೂ ಇರತಕ್ಕದ್ದು.

ಮೂರನೆಯದು, ವರ್ಷಕ್ಕೊಮ್ಮೆ ಭಕ್ತಿಯಿಂದ ಹೋದರೆ ಸಾಲದೆ ಎಂಬುದು. ಕಾರ್ಕಳದ ಅತ್ತೂರಿನಲ್ಲಿ 1759ನೆಯ ಇಸವಿಯಿಂದಿರುವ, 2016ರಲ್ಲಿ ಬಸಿಲಿಕವೆಂಬ ಪದವಿಯನ್ನು ಪಡೆದ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಜನವರಿಯ ಉತ್ಸವದಲ್ಲಿ ಜಾತಿಮತಗಳನ್ನೆಣಿಸದೆ ಬಂದು ಮೇಣದ ಬತ್ತಿಯನ್ನು ಹಚ್ಚುವ ಜನಸಾಗರವನ್ನು ಕಂಡವರು, ಆ ಭಕ್ತಿಯನ್ನು ಹಗುರವಾಗಿ ಎಣಿಸಲಾರರು. ಆದರೆ ಉತ್ಸವದ ದಿನದ ಆ ವೈಭವಕ್ಕೆ ಆಧಾರವು ಉಳಿದ ದಿನಗಳಲ್ಲಿ ಅಲ್ಲಿ ದೀಪವನ್ನು ಹಚ್ಚಿದವರ ಕೈಯೇ. ಎಲ್ಲರೂ ವರ್ಷಕ್ಕೊಮ್ಮೆ ಬರುವವರಾದರೆ ಆ ಒಂದು ದಿನವೂ ಇರಲಾರದು. ವಾರದ ಭಕ್ತರ ಮನೆಯಲ್ಲಿ ವರ್ಷದ ಭಕ್ತನು ಅತಿಥಿಯು. ಅತಿಥಿಯು ಪೂಜ್ಯನೇ ಸರಿ, ಆದರೆ ಮನೆಯಲ್ಲಿ ಯಾರಾದರೂ ವಾಸವಾಗಿರಬೇಕಷ್ಟೆ.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಈ ಪ್ರಶ್ನೆಗೆ ಒಂದು ಪರೀಕ್ಷೆಯು ಒದಗಿತು. ಅದೇ ತಿಂಗಳ 27ನೆಯ ತಾರೀಕು ರೋಮಿನಲ್ಲಿ ಪೋಪ್ ಫ್ರಾನ್ಸಿಸರು ಬರಿದಾದ ಅಂಗಣದಲ್ಲಿ ಮಳೆಯ ನಡುವೆ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದುದನ್ನು ಜನರು ಮನೆಗಳಲ್ಲಿಯೇ ನೋಡಿದರು. ಆ ವರ್ಷದ ಈಸ್ಟರ್ ಹಬ್ಬಕ್ಕೆ ಇಗರ್ಜಿಗಳಲ್ಲಿ ಜನರಿರಲಿಲ್ಲ. ಗುರುಗಳು ಕ್ಯಾಮರಾದ ಮುಂದೆ ಪೂಜೆಯನ್ನರ್ಪಿಸಿದರು, ಮನೆಯವರು ಪರದೆಯ ಮುಂದೆ ಮೊಣಕಾಲೂರಿದರು. ಆಗ ಅದು ಸರಿಯಾದುದೇ. ನೆರೆಯವನ ಪ್ರಾಣವನ್ನು ಉಳಿಸುವುದಕ್ಕಾಗಿ ದೂರವಿರುವುದೂ ಒಂದು ಆರಾಧನೆಯೇ. ಸಭೆಯ ಶಾಸನದಲ್ಲಿಯೂ ಇದಕ್ಕೆ ಎಡೆಯುಂಟು. 1983ರ ಧರ್ಮಶಾಸನದ 1247ನೆಯ ವಿಧಿಯು ಆದಿತ್ಯವಾರದ ಪೂಜೆಯನ್ನು ಕಡ್ಡಾಯವೆಂದು ಹೇಳಿದರೂ, ರೋಗಿಗಳಿಗೂ ಹಸುಗೂಸಿನ ಆರೈಕೆಯಲ್ಲಿರುವವರಿಗೂ ವಿನಾಯಿತಿಯಿದೆ. ಗುರುವೇ ದೊರೆಯದ ಕಡೆ ಕುಟುಂಬಗಳು ಕೂಡಿ ಪ್ರಾರ್ಥಿಸಬೇಕೆಂದು ಮುಂದಿನ ವಿಧಿಯು ಸೂಚಿಸುವುದು.

ಆದರೆ ಬಾಗಿಲುಗಳು ತೆರೆದ ಮೇಲೂ ಕೆಲವರು ಪರದೆಯನ್ನು ಬಿಟ್ಟು ಬರಲಿಲ್ಲ. ಪರದೆಯಲ್ಲಿ ಪೂಜೆಯೂ ಉಪದೇಶವೂ ಸಂಗೀತವೂ ಕಾಣುವುದು, ಕೇಳುವುದು. ಕೊರತೆಯೇನೆಂದರೆ, ಆ ಕಡೆಯಿಂದ ಈತನು ಕಾಣುವುದಿಲ್ಲ. ಈತನು ಅತ್ತರೆ ತಿಳಿಯುವವರಿಲ್ಲ, ಎದ್ದು ಹೋದರೆ ಕೇಳುವವರಿಲ್ಲ, ಹಾಡಿದರೆ ಆ ದನಿಯು ಇನ್ನೊಂದು ದನಿಯೊಡನೆ ಬೆರೆಯುವುದಿಲ್ಲ. ಹಾಸಿಗೆ ಹಿಡಿದವನಿಗೆ ಪರದೆಯು ಕಿಟಕಿಯಾಗಬಲ್ಲದು, ಕಾಲು ಗಟ್ಟಿಯಿರುವವನಿಗೆ ಅದು ಗೋಡೆಯಾಗುವುದು. ದೇವರು ಎಲ್ಲೆಡೆಯೂ ಇರುವನೆಂಬ ಮಾತು ಸತ್ಯವೇ. ಮನುಷ್ಯನಾದರೋ ಎಲ್ಲೆಡೆಯೂ ಇರಲಾರನು. ಅವನು ಒಂದು ಕಾಲದಲ್ಲಿ ಒಂದು ಸ್ಥಳದಲ್ಲಿ ಮಾತ್ರ ಇರತಕ್ಕವನು. ತಾನು ಎಲ್ಲಿರಬೇಕೆಂಬುದನ್ನು ವಾರಕ್ಕೊಮ್ಮೆ ತೋರಿಸುವುದೇ ಆರಾಧನೆಯ ಮೊದಲನೆಯ ಪದ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುವೆನೆಂದು ಕ್ರಿಸ್ತನು ಕೊಟ್ಟ ವಾಗ್ದಾನದಲ್ಲಿ ಒಬ್ಬನೆಂಬ ಸಂಖ್ಯೆಯನ್ನು ಹೇಳಿಲ್ಲವೆಂಬುದು ಚಿಂತಿಸತಕ್ಕ ವಿಷಯವಾಗಿದೆ.

ಸೆಪ್ಟೆಂಬರ್ ತಿಂಗಳ 8ನೆಯ ತಾರೀಕು ಮರಿಯಮ್ಮನವರ ಜನ್ಮದಿನ. ಮಂಗಳೂರು, ಉಡುಪಿ ಸೀಮೆಗಳಲ್ಲಿ ಅದು ಮೊಂತಿ ಹಬ್ಬವೂ ತೆನೆಯ ಹಬ್ಬವೂ ಹೌದು. ಮಕ್ಕಳು ಹೂಗಳನ್ನು ಅರ್ಪಿಸುವರು, ಹೊಸ ತೆನೆಗಳನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಮನೆಗೂ ಹಂಚುವರು. ಮನೆಯ ಹಿರಿಯನು ಆ ಭತ್ತವನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರಿಗೂ ಕೊಡುವನು. ಆ ದಿನ ಬಾಳೆಲೆಯ ಮೇಲೆ ಮೀನುಮಾಂಸಗಳಿಲ್ಲದ ಊಟ. ದೂರದೇಶದಲ್ಲಿರುವ ಮಕ್ಕಳಿಗೆ ಆ ತೆನೆಯ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿರಿಸಿ ಅಂಚೆಯಲ್ಲಿ ಕಳುಹಿಸುವ ವಾಡಿಕೆಯುಂಟು. ಬರಲಾರದವರಿಗೆ ಪಾಲನ್ನು ಕಳುಹಿಸುವರೆಂದು ಜಸ್ಟಿನನು ಬರೆದುದು ಹೆಚ್ಚುಕಡಮೆ ಹತ್ತೊಂಬತ್ತು ಶತಮಾನಗಳ ಹಿಂದಿನ ಮಾತು. ಲಕೋಟೆಯೊಳಗೆ ಹೋಗುವುದು ಆ ಮಾತೇ. ಮರುಭೂಮಿಯ ಊರೊಂದರಲ್ಲಿ ಕುಳಿತ ಮಗನು ಆ ಕಾಳುಗಳನ್ನು ಬಾಯಿಗೆ ಹಾಕಿಕೊಳ್ಳುವಾಗ ಅವನು ಒಬ್ಬನೇ ಅಲ್ಲ. ಆದರೆ ಅವನಿಗೆ ಕಳುಹಿಸುವುದಕ್ಕೆ ತೆನೆಯಿರಬೇಕಾದರೆ, ಇಲ್ಲಿ ಯಾರಾದರೂ ಮಳೆಯಲ್ಲಿ ನಡೆದು ಹೋಗಿ, ಸಾಲಿನಲ್ಲಿ ನಿಂತು, ಕೈಯೊಡ್ಡಿ ಅದನ್ನು ತಂದಿರಬೇಕು.